ಮೂರು ಡಾಲರಿನ ಕ್ರಯಪತ್ರ

ಕೆನಡಾ ದೇಶದ ಟೊರಾಂಟೊ ನಗರವು ಆಂಟೇರಿಯೊ ಸರೋವರದ ಉತ್ತರ ದಂಡೆಯ ಮೇಲಿದೆ. ಹೆಸರಿಗೆ ಅದು ಸರೋವರವಾದರೂ ದಂಡೆಯಲ್ಲಿ ನಿಂತವನ ಕಣ್ಣಿಗೆ ಸಮುದ್ರವೇ ಸರಿ. ಅಲೆಗಳೂ ಉಂಟು, ಹಡಗುಗಳೂ ಉಂಟು. ಪ್ರವಾಸಿಗಳಲ್ಲಿ ಹಲವರು ಅಲ್ಲಿಗೆ ಹೋಗುವುದು 553 ಮೀಟರು ಎತ್ತರದ ಸಿ. ಎನ್. ಗೋಪುರವನ್ನು ಏರುವುದಕ್ಕೆ, ಇಲ್ಲವೆ ಅಲ್ಲಿಂದ ನಯಾಗರಾ ಜಲಪಾತದ ದಾರಿ ಹಿಡಿಯುವುದಕ್ಕೆ. ಗೋಪುರವೂ ಜಲಪಾತವೂ ನೋಡತಕ್ಕವೇ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರೊಬ್ಬರಿರುವ ಸಂಸಾರಕ್ಕೆ—ಇಂದು ಅಂಥ ಸಂಸಾರಗಳೇನು ಕಡಮೆಯೆ?—ಆ ಊರಿನಲ್ಲಿ ಇನ್ನೊಂದು ಯಾತ್ರಾಸ್ಥಳವಿದೆ. ಅದಕ್ಕೆ ಗೋಪುರವಿಲ್ಲ, ಧ್ವಜಸ್ತಂಭವಿಲ್ಲ. ಅದು ಟ್ರಾಮು ಬಂಡಿಗಳು ಓಡಾಡುವ ಒಂದು ಸಾಮಾನ್ಯ ಬೀದಿ. ಹೆಸರು ಕಾಲೇಜು ಬೀದಿ.

ಸರೋವರದ ಕಡೆಯಿಂದ ಉತ್ತರಕ್ಕೆ ಬರುವ ಯೂನಿವರ್ಸಿಟಿ ಅವೆನ್ಯೂ ಎಂಬ ಅಗಲವಾದ ರಾಜಬೀದಿಯ ಇಕ್ಕೆಲದಲ್ಲಿಯೂ ದೊಡ್ಡ ದೊಡ್ಡ ಆಸ್ಪತ್ರೆಗಳು ನಿಂತಿವೆ. ಮಕ್ಕಳ ಆಸ್ಪತ್ರೆಯೊಂದು, ಮೌಂಟ್ ಸಿನಾಯ್ ಎಂಬುದೊಂದು, ಕ್ಯಾನ್ಸರಿಗೆ ಮೀಸಲಾದ ಪ್ರಿನ್ಸೆಸ್ ಮಾರ್ಗರೆಟ್ ಒಂದು, ಎಲ್ಲಕ್ಕೂ ಹಿರಿಯದಾದ ಟೊರಾಂಟೊ ಜನರಲ್ ಆಸ್ಪತ್ರೆ ಒಂದು. ಈ ಸಾಲು ಮುಗಿಯುವಲ್ಲಿ ಕಾಲೇಜು ಬೀದಿ ಅಡ್ಡವಾಗಿ ಹಾಯುತ್ತದೆ. ಬೀದಿಯ ಆಚೆ ಪ್ರಾಂತದ ಶಾಸನಸಭೆಯ ನಸುಗೆಂಪು ಕಲ್ಲಿನ ಭವನ. ಅದರ ಪಶ್ಚಿಮಕ್ಕೆ ವಿಶ್ವವಿದ್ಯಾನಿಲಯದ ಹುಲ್ಲುಹಾಸು, ಮರಗಳು, ವೈದ್ಯಶಾಸ್ತ್ರದ ಕಟ್ಟಡಗಳು. ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ಹತ್ತು ನಿಮಿಷದ ನಡಿಗೆ. ಈ ಹತ್ತು ನಿಮಿಷದ ದಾರಿಯಲ್ಲಿ 1922ರ ಚಳಿಗಾಲದಲ್ಲಿ ಒಂದು ಸೀಸೆ ನಡೆದುಹೋಯಿತು. ಅದರೊಳಗಿದ್ದುದು ಇನ್ಸುಲಿನ್.

ಇನ್ಸುಲಿನ್ನನ್ನು ಕಂಡುಹಿಡಿದ ಕಥೆಯನ್ನು ಹಲವರು ಬಲ್ಲರು. ಕಂಡುಹಿಡಿದ ಮೇಲೆ ಅದು ಯಾರ ಸೊತ್ತು ಎಂಬ ಪ್ರಶ್ನೆ ಎದ್ದುದನ್ನೂ, ಆ ಪ್ರಶ್ನೆಗೆ ಈ ಬೀದಿಯಲ್ಲಿ ದೊರೆತ ವಿಚಿತ್ರವಾದ ಉತ್ತರವನ್ನೂ ಬಲ್ಲವರು ಕಡಮೆ. ಔಷಧಕ್ಕೆ ಎಷ್ಟು ಮಹತ್ವವುಂಟೋ ಆ ಉತ್ತರಕ್ಕೂ ಅಷ್ಟೇ ಮಹತ್ವವುಂಟು.

ಉಪವಾಸವೇ ಔಷಧವಾಗಿದ್ದ ಕಾಲ

1921ಕ್ಕೆ ಮೊದಲು ಮಕ್ಕಳಿಗೆ ಮಧುಮೇಹ ತಗುಲಿತೆಂದರೆ ವೈದ್ಯರು ತಂದೆತಾಯಿಗಳ ಮುಖವನ್ನು ನೋಡಲಾರದೆ ನೆಲ ನೋಡುತ್ತಿದ್ದರು. ಹೊಟ್ಟೆಯಲ್ಲಿ ಜಠರದ ಹಿಂದೆ ಮೇದೋಜೀರಕ ಗ್ರಂಥಿಯೆಂಬ ಒಂದು ಅಂಗವಿದೆ. ಅದರಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಚದರಿರುವ ಜೀವಕೋಶಗಳ ಗುಂಪುಗಳಿಂದ ಒಂದು ರಸ ಹೊರಟು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ ಎಂಬ ಊಹೆ ವಿದ್ವಾಂಸರಿಗೆ ಇತ್ತು. ಆ ರಸ ಕೈಗೆ ಸಿಕ್ಕಿರಲಿಲ್ಲ. ಆದಕಾರಣ ಇದ್ದ ಚಿಕಿತ್ಸೆ ಒಂದೇ: ಆಹಾರವನ್ನು ಕಡಿದುಹಾಕುವುದು. ಅನ್ನವಿಲ್ಲದೆ ಮಗು ಕಡ್ಡಿಯಾಗುತ್ತಿತ್ತು. ಅನ್ನ ಕೊಟ್ಟರೆ ಪ್ರಜ್ಞೆ ತಪ್ಪಿ ಸಾಯುತ್ತಿತ್ತು. ಸಾವನ್ನು ಕೆಲವು ತಿಂಗಳು ಮುಂದೂಡುವುದಕ್ಕೆ ಹಸಿವನ್ನು ಬೆಲೆಯಾಗಿ ತೆರಬೇಕಿತ್ತು.

ಟೊರಾಂಟೊದಿಂದ ಸುಮಾರು 190 ಕಿಲೋಮೀಟರು ನೈಋತ್ಯಕ್ಕೆ ಲಂಡನ್ ಎಂಬ ಪಟ್ಟಣವಿದೆ. ಇಂಗ್ಲೆಂಡಿನ ರಾಜಧಾನಿಯ ಹೆಸರನ್ನು ಹೊತ್ತ ಆ ಊರಿನಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯನೊಬ್ಬ ರೋಗಿಗಳಿಲ್ಲದ ಔಷಧಾಲಯವನ್ನು ತೆರೆದು ಕುಳಿತಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮಿಲಿಟರಿ ಕ್ರಾಸ್ ಪದಕವನ್ನು ಪಡೆದು ಬಂದವನಾತ. 1920ರ ಅಕ್ಟೋಬರ್ ತಿಂಗಳ ಕೊನೆಯ ರಾತ್ರಿ, ನಿದ್ದೆ ಬಾರದೆ, ಗ್ರಂಥಿಯ ನಾಳವನ್ನು ಕಟ್ಟಿ ಒಳರಸವನ್ನು ಬೇರ್ಪಡಿಸಬಹುದೆಂಬ ಒಂದು ಯೋಚನೆಯನ್ನು ಆತ ಗುರುತುಹಾಕಿಕೊಂಡ. ಆ ಮನೆ ಈಗ ವಸ್ತುಸಂಗ್ರಹಾಲಯ. ಮನೆಯ ಮುಂದೆ 1989ರಲ್ಲಿ ಬ್ರಿಟನ್ನಿನ ರಾಜಮಾತೆ ಹೊತ್ತಿಸಿದ ಒಂದು ಜ್ವಾಲೆ ಉರಿಯುತ್ತಿದೆ. ಮಧುಮೇಹಕ್ಕೆ ಪೂರ್ಣ ಪರಿಹಾರ ದೊರೆತ ದಿನ ಅದನ್ನು ಆರಿಸಬೇಕೆಂಬುದು ಸಂಕಲ್ಪ.

ಸೀಸೆ ಆಸ್ಪತ್ರೆಗೆ ಬಂದುದು

1921ರ ಮೇ ತಿಂಗಳಲ್ಲಿ ಬ್ಯಾಂಟಿಂಗ್ ಟೊರಾಂಟೊ ವಿಶ್ವವಿದ್ಯಾನಿಲಯದ ವೈದ್ಯಕೀಯ ಭವನದಲ್ಲಿ ಕೆಲಸವನ್ನಾರಂಭಿಸಿದ. ಸ್ಥಳವನ್ನೂ ನಾಯಿಗಳನ್ನೂ ಒದಗಿಸಿಕೊಟ್ಟವರು ಶರೀರಶಾಸ್ತ್ರದ ಪ್ರಾಧ್ಯಾಪಕರಾದ ಮಕ್ಲೌಡ್. ರಕ್ತದ ಸಕ್ಕರೆಯನ್ನು ಅಳೆಯುವ ಕೆಲಸಕ್ಕೆ ಚಾರ್ಲ್ಸ್ ಬೆಸ್ಟ್ ಎಂಬ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ ಜೊತೆಯಾದ. ಡಿಸೆಂಬರಿನಲ್ಲಿ, ಆಲ್ಬರ್ಟಾದಿಂದ ರಜೆಯ ಮೇಲೆ ಬಂದಿದ್ದ ಜೀವರಸಾಯನ ಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಗುಂಪಿಗೆ ಸೇರಿದ. ಆ ಹಳೆಯ ಭವನವನ್ನು ಈಗ ಹುಡುಕಿ ಫಲವಿಲ್ಲ. 1960ರ ದಶಕದಲ್ಲಿ ಅದನ್ನು ಕೆಡವಿ ಅಲ್ಲಿ ವೈದ್ಯವಿಜ್ಞಾನಗಳ ಹೊಸ ಕಟ್ಟಡವನ್ನು ಎಬ್ಬಿಸಿದ್ದಾರೆ.

ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಬಡ ಹುಡುಗ ಸಾವಿನ ದಾರಿ ಕಾಯುತ್ತ ಮಲಗಿದ್ದ. ಅವನ ತೂಕ 65 ಪೌಂಡು, ಎಂದರೆ ಮೂವತ್ತು ಕಿಲೋಗಿಂತ ಕಡಮೆ. 1922ರ ಜನವರಿ 11ರಂದು ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸತ್ವವನ್ನು ಅವನಿಗೆ ಚುಚ್ಚಿದರು. ಸಕ್ಕರೆ 440ರಿಂದ 320ಕ್ಕೆ ಇಳಿಯಿತು. ಆದರೆ ಸತ್ವದಲ್ಲಿದ್ದ ಕಲ್ಮಷದಿಂದ ಚುಚ್ಚಿದ ಜಾಗದಲ್ಲಿ ಬಾವು ಎದ್ದಿತು. ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಅನಂತರ ಕಾಲಿಪ್ ಹಗಲಿರುಳು ದುಡಿದು, ಮದ್ಯಸಾರದ ಪ್ರಮಾಣವನ್ನು ಹಂತಹಂತವಾಗಿ ಬದಲಿಸಿ, ಕಲ್ಮಷ ಹೋಗಿ ಸತ್ವ ಉಳಿಯುವ ಹದವನ್ನು ಕಂಡುಕೊಂಡ. ಜನವರಿ 23ರಂದು ಆ ಶುದ್ಧ ಸತ್ವವನ್ನು ಚುಚ್ಚಿದಾಗ 520ರಷ್ಟಿದ್ದ ಸಕ್ಕರೆ ಒಂದೇ ದಿನದಲ್ಲಿ 120ಕ್ಕೆ ಇಳಿಯಿತು. ಹುಡುಗ ಎದ್ದು ಕುಳಿತ. ಮತ್ತೆ ಹದಿಮೂರು ವರ್ಷ ಬದುಕಿದ.

ಕದನ ಮತ್ತು ಕರಾರು

ಹೊರಗಿನ ಜನಕ್ಕೆ ಈ ಹನ್ನೆರಡು ದಿನಗಳು ವಿಜಯದ ದಿನಗಳಾಗಿ ಕಾಣುತ್ತವೆ. ಒಳಗೆ ನಡೆದುದು ಬೇರೆ. ಶುದ್ಧೀಕರಣದ ಗುಟ್ಟನ್ನು ತಾನು ಹೇಳುವುದಿಲ್ಲವೆಂದು, ಗುಂಪನ್ನು ಬಿಟ್ಟು ಹೋಗಿ ತಾನೇ ಪೇಟೆಂಟು ಪಡೆಯುವೆನೆಂದು ಕಾಲಿಪ್ ಹೇಳಿದನೆಂತಲೂ, ಬ್ಯಾಂಟಿಂಗ್ ಅವನ ಮೇಲೆ ಕೈಮಾಡಿದನೆಂತಲೂ, ಬೆಸ್ಟ್ ನಡುವೆ ಬಂದು ಬಿಡಿಸಿದನೆಂತಲೂ ಅಂದಿನವರ ನೆನಪುಗಳಲ್ಲಿ ದಾಖಲಾಗಿದೆ. ಪ್ರಾಣ ಉಳಿಸುವ ಔಷಧದ ಮುಂದೆ ನಿಂತ ದೊಡ್ಡವರೂ ಮನುಷ್ಯರೇ. ಪಾಲುಪಟ್ಟಿಯ ಮಾತು ಬಂದಾಗ ಅಣ್ಣತಮ್ಮಂದಿರಂತೆ ಕಾದಾಡಿದರು.

ಆದರೆ ಪಾಲುಪಟ್ಟಿಯ ಜಗಳಕ್ಕೆ ತೀರ್ಮಾನ ಬೇಗನೆ ದೊರೆಯಿತು. ಜನವರಿ 25ರಂದು, ಎಂದರೆ ಹುಡುಗನಿಗೆ ಶುದ್ಧ ಸತ್ವವನ್ನು ಚುಚ್ಚಿದ ಎರಡೇ ದಿನಗಳಲ್ಲಿ, ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮತ್ತು ಮಕ್ಲೌಡ್ ನಾಲ್ವರೂ ಕಾನಾಟ್ ಪ್ರಯೋಗಶಾಲೆಯೊಡನೆ ಒಂದು ಕರಾರಿಗೆ ಒಪ್ಪಿದರು. ಒಟ್ಟಾಗಿ ಕೆಲಸಮಾಡುವ ಈ ಆರಂಭದ ಅವಧಿಯಲ್ಲಿ ಯಾರೊಬ್ಬರೂ ತಾವಾಗಿ ಪೇಟೆಂಟಿಗೆ ಕೈಹಾಕಕೂಡದು, ಯಾವ ವ್ಯಾಪಾರದ ಕಂಪೆನಿಯೊಡನೆಯೂ ಸೇರಕೂಡದು ಎಂಬುದು ಅದರ ಸಾರ.

ಈ ಕಾನಾಟ್ ಪ್ರಯೋಗಶಾಲೆಯೇ ಒಂದು ಅಪೂರ್ವ ಸಂಸ್ಥೆ. 1914ರಲ್ಲಿ ಡಾಕ್ಟರ್ ಫಿಟ್ಸ್‌ಜೆರಾಲ್ಡ್ ಎಂಬವರು ಬಾರ್ಟನ್ ಬೀದಿಯ ಒಂದು ಕುದುರೆ ಲಾಯದಲ್ಲಿ ಗಂಟಲಮಾರಿಗೆ ಪ್ರತಿವಿಷವನ್ನು ತಯಾರಿಸಲು ತೊಡಗಿದರು. ಹೊರದೇಶದಿಂದ ಬರುತ್ತಿದ್ದ ಔಷಧದ ಬೆಲೆಯನ್ನು ತೆರಲಾರದೆ ಬಡವರ ಮಕ್ಕಳು ಸಾಯುವುದನ್ನು ನೋಡಲಾರದೆ ಹೂಡಿದ ಉದ್ಯಮ ಅದು. ವಿಶ್ವವಿದ್ಯಾನಿಲಯ ಅದನ್ನು ತನ್ನದಾಗಿ ಮಾಡಿಕೊಂಡಿತು. ಆಲ್ಬರ್ಟ್ ಗುಡರ್‌ಹ್ಯಾಮ್ ಎಂಬ ಧನಿಕರು ಊರಾಚೆ ಜಮೀನನ್ನೂ ಕಟ್ಟಡವನ್ನೂ ದಾನವಾಗಿ ಕೊಟ್ಟು 1917ರಲ್ಲಿ ಅದನ್ನು ನೆಲೆಗೊಳಿಸಿದರು. ವೈದ್ಯವಿದ್ಯಾಲಯವೊಂದು ತಾನೇ ಔಷಧವನ್ನು ತಯಾರಿಸಿ ಜನರಿಗೆ ತಲುಪಿಸಬಹುದು ಎಂಬುದನ್ನು ಅದು ಆಗಲೇ ಮಾಡಿತೋರಿಸಿತ್ತು. ಆ ಹಳೆಯ ಲಾಯದ ಕಟ್ಟಡವನ್ನು ಕಾನಾಟ್‌ನವರು ತಮ್ಮ ಹೊಲದ ಆವರಣಕ್ಕೆ ಸಾಗಿಸಿ ಕಾಪಾಡಿದರು.

ಬೇಡವೆಂದವರೇ ಪೇಟೆಂಟು ಪಡೆದುದು

ಈಗ ಒಂದು ಸೂಕ್ಷ್ಮವಾದ ಧರ್ಮಸಂಕಟ ತಲೆದೋರಿತು. ರೋಗಿಗಳ ಸಂಕಟದಿಂದ ಲಾಭ ಪಡೆಯಬಾರದು, ಔಷಧವನ್ನು ಗುಟ್ಟಾಗಿಟ್ಟು ಮಾರಬಾರದು ಎಂಬುದು ಆ ಕಾಲದ ವೈದ್ಯವೃತ್ತಿಯ ಧರ್ಮ. ಪೇಟೆಂಟು ಎಂದರೆ ಸರಕಾರವು ಸಂಶೋಧಕನಿಗೆ ಕೆಲವು ವರ್ಷಗಳ ಅವಧಿಗೆ ಕೊಡುವ ಏಕಸ್ವಾಮ್ಯದ ಹಕ್ಕು. ಅವನ ಅನುಮತಿಯಿಲ್ಲದೆ ಬೇರೆ ಯಾರೂ ಆ ವಸ್ತುವನ್ನು ಮಾಡುವಂತಿಲ್ಲ. ವೈದ್ಯನಾದವನು ಅಂಥ ಹಕ್ಕಿಗೆ ಕೈಚಾಚುವುದು ಅಪಚಾರವೆಂದು ಬ್ಯಾಂಟಿಂಗ್ ಭಾವಿಸಿದ್ದ.

ಹಾಗಾದರೆ ತಯಾರಿಕೆಯ ಕ್ರಮವನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಬಿಟ್ಟುಬಿಡಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ಅದರಲ್ಲಿ ಎರಡು ಅಪಾಯಗಳಿದ್ದವು. ಮೊದಲನೆಯದು, ಬಾಗಿಲು ತೆರೆದಿಟ್ಟ ಮನೆಗೆ ಕಳ್ಳನೇ ಮೊದಲು ನುಗ್ಗಬಹುದು: ಯಾವನೋ ಒಬ್ಬ ವ್ಯಾಪಾರಿ ಆ ಕ್ರಮಕ್ಕೆ ಚಿಕ್ಕದೊಂದು ಸುಧಾರಣೆಯನ್ನು ಸೇರಿಸಿ, ತಾನು ಪೇಟೆಂಟು ಪಡೆದು, ಕಂಡುಹಿಡಿದವರನ್ನೇ ಹೊರಗೆ ನಿಲ್ಲಿಸಬಹುದು. ಎರಡನೆಯದು ಇನ್ನೂ ಘೋರ. ಇನ್ಸುಲಿನ್ ಅಳತೆ ತಪ್ಪಿದರೆ ಕೊಲ್ಲುವ ಔಷಧ. ಕಡಮೆಯಾದರೆ ರೋಗ ಕೊಲ್ಲುತ್ತದೆ. ಹೆಚ್ಚಾದರೆ ಸಕ್ಕರೆ ಪಾತಾಳಕ್ಕಿಳಿದು ರೋಗಿ ಸೆಳವು ಬಂದು ಸಾಯುತ್ತಾನೆ. ಸೀಸೆಯೊಳಗಿನ ಶಕ್ತಿ ಇಷ್ಟೇ ಎಂದು ಹೇಳಲಾರದ ತಯಾರಕರು ಅದನ್ನು ಬೀದಿಬೀದಿಯಲ್ಲಿ ಮಾರತೊಡಗಿದರೆ ಗತಿಯೇನು?

1922ರ ಏಪ್ರಿಲ್ 12ರಂದು ನಾಲ್ವರು ಸಂಶೋಧಕರೂ ಫಿಟ್ಸ್‌ಜೆರಾಲ್ಡರೂ ಕೂಡಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಫಾಲ್ಕನರ್ ಅವರಿಗೆ ಒಂದು ಪತ್ರ ಬರೆದರು. ಪೇಟೆಂಟನ್ನು ಪಡೆಯುವುದು ಲಾಭಕ್ಕಾಗಿ ಅಲ್ಲ, ಬೇರೆಯವರು ಅದನ್ನು ಪಡೆದು ಏಕಸ್ವಾಮ್ಯವನ್ನು ಸ್ಥಾಪಿಸದಂತೆ ತಡೆಯುವುದಕ್ಕಾಗಿ ಎಂಬುದು ಅದರ ತಾತ್ಪರ್ಯ. ಬೇಲಿ ಹಾಕುವುದು ಹೊಲವನ್ನು ನುಂಗುವವರಿಂದ ಅದನ್ನು ಕಾಯುವುದಕ್ಕಾಗಿ ಎಂಬಂತೆ.

ಬ್ಯಾಂಟಿಂಗನ ಹೆಸರನ್ನು ಹೊರಗಿಟ್ಟು ವೈದ್ಯರಲ್ಲದ ಕಾಲಿಪ್ ಮತ್ತು ಬೆಸ್ಟ್ ಹೆಸರಿನಲ್ಲಿ ಮೊದಲು ಅರ್ಜಿ ಹಾಕಿದರು. ಆದರೆ ಅಮೆರಿಕದ ಕಾನೂನು ನಿಜವಾದ ಸಂಶೋಧಕರೆಲ್ಲರ ಹೆಸರನ್ನೂ ಬೇಡುತ್ತದೆ. ಒಬ್ಬನನ್ನು ಬಿಟ್ಟರೂ ಹಕ್ಕು ಬಿದ್ದುಹೋಗಬಹುದು. ಮತ್ತೊಂದು ತೊಡಕೂ ಇತ್ತು. ಬರ್ಲಿನ್ನಿನ ಜೂಲ್ಸರ್ ಎಂಬ ವೈದ್ಯ 1912ರಲ್ಲಿಯೇ ಇಂಥ ಒಂದು ಸತ್ವಕ್ಕೆ ಅಮೆರಿಕದಲ್ಲಿ ಪೇಟೆಂಟು ಪಡೆದಿದ್ದ. ಬುಕಾರೆಸ್ಟಿನ ಪ್ರಾಧ್ಯಾಪಕ ಪೌಲೆಸ್ಕು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1921ರಲ್ಲಿಯೇ ಪ್ರಕಟಿಸಿ, 1922ರ ಏಪ್ರಿಲಿನಲ್ಲಿ ತನ್ನ ದೇಶದಲ್ಲಿ ಪೇಟೆಂಟನ್ನೂ ಪಡೆದ. ಹಲವರು ಒಂದೇ ಬಾಗಿಲನ್ನು ತಟ್ಟುತ್ತಿದ್ದರು. ರೋಗಿಗೆ ಅಪಾಯವಿಲ್ಲದೆ ಕೊಡಬಹುದಾದ ಶುದ್ಧ ಸತ್ವ ಮೊದಲು ದೊರೆತುದು ಟೊರಾಂಟೊದಲ್ಲಿ. ಕೊನೆಗೆ ಬ್ಯಾಂಟಿಂಗ್ ಸಮ್ಮತಿಸಿ ಮೂವರ ಹೆಸರಿನಲ್ಲಿ ಅರ್ಜಿ ಹೋಯಿತು. 1923ರ ಜನವರಿಯಲ್ಲಿ ಆ ಮೂವರೂ ತಮ್ಮ ಹಕ್ಕನ್ನು ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಗೆ ಬರೆದುಕೊಟ್ಟರು. ಕ್ರಯದ ಹಣ ಒಬ್ಬೊಬ್ಬರಿಗೆ ಒಂದು ಡಾಲರು. ಪ್ರತಿಫಲವಿಲ್ಲದ ಕ್ರಯಪತ್ರ ಕಾನೂನಿನಲ್ಲಿ ನಿಲ್ಲಲಾರದೆಂದು ಆ ಒಂದು ಡಾಲರು. ಹೀಗೆ ಲೋಕದ ಅತ್ಯಂತ ಬೆಲೆಬಾಳುವ ಆಸ್ತಿಗಳಲ್ಲೊಂದು ಮೂರು ಡಾಲರಿಗೆ ಕೈಬದಲಾಯಿತು. 1923ರ ಅಕ್ಟೋಬರ್ 9ರಂದು ಅಮೆರಿಕದ ಪೇಟೆಂಟು ಮಂಜೂರಾಯಿತು.

ನೆಲಮಾಳಿಗೆಯಿಂದ ಕಾರ್ಖಾನೆಗೆ

ಹಕ್ಕಿನ ಪ್ರಶ್ನೆ ಬಗೆಹರಿಯುವುದಕ್ಕೆ ಮೊದಲೇ ಮತ್ತೊಂದು ಸಂಕಟ ಒದಗಿತ್ತು. ಬೋಗುಣಿಯಲ್ಲಿ ಮಾಡಿದ ಅಡಿಗೆ ಕೊಪ್ಪರಿಗೆಯಲ್ಲಿ ಕೂಡಿಬರದೆಂಬುದನ್ನು ಮದುವೆಮನೆಯ ಬಾಣಸಿಗರೆಲ್ಲರೂ ಬಲ್ಲರು. ವೈದ್ಯಕೀಯ ಭವನದ ನೆಲಮಾಳಿಗೆಯಲ್ಲಿ ಕಾನಾಟ್ ತಂಡ ದೊಡ್ಡ ಪ್ರಮಾಣದಲ್ಲಿ ಸತ್ವವನ್ನು ತೆಗೆಯಲು ಹೊರಟಾಗ ಕಾಲಿಪ್‌ನ ಹದ ಕೈಕೊಟ್ಟಿತು. 1922ರ ವಸಂತದಲ್ಲಿ ಕೆಲವು ವಾರಗಳ ಕಾಲ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನುವಂತಾಯಿತು. ಔಷಧವುಂಟೆಂಬ ಸುದ್ದಿ ಊರೂರಿಗೆ ಹರಡಿದೆ, ತಂದೆತಾಯಿಗಳ ಪತ್ರಗಳು ಬರುತ್ತಿವೆ, ಸೀಸೆ ಮಾತ್ರ ಬರಿದು! ಮೇ ತಿಂಗಳಿಗೆ ಮತ್ತೆ ಹದ ಕೂಡಿತು. ಆದರೆ ಒಂದು ವಿಶ್ವವಿದ್ಯಾನಿಲಯದ ನೆಲಮಾಳಿಗೆ ಒಂದು ಖಂಡದ ರೋಗಿಗಳನ್ನು ಸಾಕಲಾರದೆಂಬುದು ಎಲ್ಲರಿಗೂ ಖಚಿತವಾಯಿತು.

ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿದ್ದ ಈಲೈ ಲಿಲ್ಲಿ ಎಂಬ ಔಷಧ ಕಂಪೆನಿಯ ಸಂಶೋಧನಾಧಿಕಾರಿ ಡಾಕ್ಟರ್ ಕ್ಲೌಸ್ 1921ರ ಡಿಸೆಂಬರಿನಲ್ಲಿ ಬ್ಯಾಂಟಿಂಗನ ಮೊದಲ ಉಪನ್ಯಾಸವನ್ನು ಕೇಳಿದ ದಿನದಿಂದಲೇ ಟೊರಾಂಟೊದ ಬಾಗಿಲಲ್ಲಿ ಕಾದಿದ್ದ. ಮಕ್ಲೌಡ್ ಮೊದಲು ಒಪ್ಪಿರಲಿಲ್ಲ. 1922ರ ಮೇ 30ರಂದು ಕರಾರಾಯಿತು. ಒಂದು ವರ್ಷದ ಪ್ರಯೋಗದ ಅವಧಿಯಲ್ಲಿ ಅಮೆರಿಕದಲ್ಲಿ ಲಿಲ್ಲಿ ಕಂಪೆನಿಯೊಂದೇ ಇನ್ಸುಲಿನ್ ತಯಾರಿಸತಕ್ಕದ್ದು. ತಾನು ಕಂಡುಕೊಂಡ ಸುಧಾರಣೆಗಳನ್ನು ಟೊರಾಂಟೊಗೆ ತಿಳಿಸತಕ್ಕದ್ದು. ಅವಧಿ ತೀರಿದ ಮೇಲೆ ಬೇರೆ ಕಂಪೆನಿಗಳಿಗೂ ಪರವಾನಗಿ ಕೊಡುವ ಸ್ವಾತಂತ್ರ್ಯ ವಿಶ್ವವಿದ್ಯಾನಿಲಯಕ್ಕೆ ಇರತಕ್ಕದ್ದು. ವ್ಯಾಪಾರಿಗೆ ಮೊದಲು ನುಗ್ಗಿದ ಫಲ, ಕಾಲೇಜಿಗೆ ಕೊನೆಯ ಹಿಡಿತ: ಕರಾರಿನ ಜಾಣತನವೆಲ್ಲ ಇದರಲ್ಲಿತ್ತು.

ಲಿಲ್ಲಿ ಕಂಪೆನಿಗೆ ಕಸಾಯಿಖಾನೆಗಳಿಂದ ದನ ಹಂದಿಗಳ ಗ್ರಂಥಿಗಳು ಟನ್ನುಗಟ್ಟಲೆ ಬರತೊಡಗಿದವು. ಎಂಟು ಔನ್ಸು ಶುದ್ಧ ಇನ್ಸುಲಿನ್ ಪಡೆಯಲು ಸುಮಾರು ಎರಡು ಟನ್ನು ಗ್ರಂಥಿ ಬೇಕಾಗುತ್ತಿತ್ತು. 1922ರ ಕೊನೆಯ ಹೊತ್ತಿಗೆ ಆ ಕಂಪೆನಿಯ ರಸಾಯನ ಶಾಸ್ತ್ರಜ್ಞ ಜಾರ್ಜ್ ವಾಲ್ಡನ್, ದ್ರಾವಣದ ಆಮ್ಲತೆಯನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಂದರೆ ಇನ್ಸುಲಿನ್ ತಾನಾಗಿ ಗಷ್ಟುಗಟ್ಟಿ ಕೆಳಗಿಳಿಯುತ್ತದೆಂಬುದನ್ನು ಕಂಡುಹಿಡಿದ. ಔಷಧ ಹಿಂದೆಂದಿಗಿಂತ ಶುದ್ಧವಾಯಿತು, ಸ್ಥಿರವಾಯಿತು. ಒಡನೆಯೇ ಟೊರಾಂಟೊದವರು ಭಯಪಟ್ಟುದೂ ನಿಜವಾಯಿತು: ಲಿಲ್ಲಿ ಈ ಸುಧಾರಣೆಗೆ ಪ್ರತ್ಯೇಕ ಪೇಟೆಂಟನ್ನು ಬೇಡಿತು, ‘ಐಲೆಟಿನ್’ ಎಂಬ ತನ್ನದೇ ಹೆಸರನ್ನು ಸೀಸೆಗೆ ಹಚ್ಚಿತು. ಬಹಳ ಮಾತುಕತೆಯ ಮೇಲೆ ಟೊರಾಂಟೊ ತನ್ನ ನೀತಿಯನ್ನು ಉಳಿಸಿಕೊಂಡಿತು. ಒಂದು ವರ್ಷದ ಏಕಸ್ವಾಮ್ಯ ಮುಂದುವರಿಯಲಿಲ್ಲ; ಸ್ಕ್ವಿಬ್, ಶಾರ್ಪ್ ಅಂಡ್ ಡೋಮ್ ಮೊದಲಾದ ಬೇರೆ ಕಂಪೆನಿಗಳಿಗೂ ಕಾಲಕ್ರಮದಲ್ಲಿ ಪರವಾನಗಿ ದೊರೆಯಿತು.

ಈ ಗದ್ದಲದ ನಡುವೆಯೇ 1922ರ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು ಎಲಿಜಬೆತ್ ಹ್ಯೂಸ್ ಟೊರಾಂಟೊಗೆ ಬಂದಳು. ಹದಿನೈದು ತುಂಬಲಿದ್ದ ಆ ಹುಡುಗಿಯ ತೂಕ 45 ಪೌಂಡು ಮಾತ್ರ. ಬ್ಯಾಂಟಿಂಗ್ ಅವಳಿಗೆ ಇನ್ಸುಲಿನ್ ಕೊಟ್ಟು ಊಟ ಬಡಿಸಿದ. ಅವಳು ಮದುವೆಯಾಗಿ, ಮಕ್ಕಳ ತಾಯಾಗಿ, 1981ರವರೆಗೆ ಬದುಕಿದಳು.

ಮೊಲಗಳ ತೀರ್ಪು

ಆಡಳಿತ ಮಂಡಲಿ ತನಗೆ ಬಂದ ಹಕ್ಕನ್ನು ನಡಸಿಕೊಂಡು ಹೋಗಲು ‘ಇನ್ಸುಲಿನ್ ಸಮಿತಿ’ಯೊಂದನ್ನು ನೇಮಿಸಿತು. ಪರವಾನಗಿ ಪಡೆದ ಪ್ರತಿಯೊಬ್ಬ ತಯಾರಕನೂ ತನ್ನ ಸರಕಿನ ಮಾದರಿಯನ್ನು ಟೊರಾಂಟೊಗೆ ಕಳುಹಿಸಬೇಕು. ಅಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ದೊರೆತ ಮೇಲೆಯೇ ಮಾರಬೇಕು. ಪರೀಕ್ಷಕರೆಂದರೆ ಮೊಲಗಳು. ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆಯನ್ನು ಎಷ್ಟು ಸತ್ವ ಎಷ್ಟು ಇಳಿಸುತ್ತದೆಂಬುದನ್ನು ನೋಡಿ ಔಷಧದ ಶಕ್ತಿಯನ್ನು ಅಳೆಯುತ್ತಿದ್ದರು. ಇಂದು ನಮ್ಮ ಮನೆಗಳಲ್ಲಿ ‘ಬೆಳಗ್ಗೆ ಹತ್ತು ಯೂನಿಟ್ಟು, ರಾತ್ರಿ ಎಂಟು ಯೂನಿಟ್ಟು’ ಎಂದು ಲೆಕ್ಕ ಹೇಳುತ್ತೇವಲ್ಲ, ಆ ಯೂನಿಟ್ಟಿನ ಮೂಲ ಈ ಮೊಲಗಳಲ್ಲಿದೆ. ತಯಾರಕರು ತೆತ್ತ ರಾಯಲ್ಟಿಯ ಹಣ ಸಮಿತಿಯ ವೆಚ್ಚಕ್ಕೂ ವಿಶ್ವವಿದ್ಯಾನಿಲಯದ ಮುಂದಿನ ಸಂಶೋಧನೆಗೂ ಹೋಯಿತು.

ಸಮುದ್ರದಾಚೆಗೂ ಹಕ್ಕನ್ನು ಹೀಗೆಯೇ ಹಂಚಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಗೆ ಅಲ್ಲಿನ ಹಕ್ಕನ್ನು ಒಪ್ಪಿಸಿದರು. ಡೆನ್ಮಾರ್ಕಿನ ನೊಬೆಲ್ ಪುರಸ್ಕೃತ ವಿಜ್ಞಾನಿ ಆಗಸ್ಟ್ ಕ್ರೋಗ್ 1922ರ ನವೆಂಬರಿನಲ್ಲಿ ಟೊರಾಂಟೊಗೆ ಬಂದನು. ಆತನ ಪತ್ನಿ ಮಾರೀ ಸ್ವತಃ ವೈದ್ಯೆ, ಸ್ವತಃ ಮಧುಮೇಹ ರೋಗಿ. ಆತ ಅನುಮತಿ ಪಡೆದು ಹಿಂದಿರುಗಿ, ಹ್ಯಾಗೆಡಾರ್ನ್ ಎಂಬ ವೈದ್ಯನೊಡನೆ ಸೇರಿ, ಲಾಭದ ಉದ್ದೇಶವಿಲ್ಲದ ನಾರ್ಡಿಸ್ಕ್ ಇನ್ಸುಲಿನ್ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಇಂದು ಔಷಧದಂಗಡಿಯ ಪೆಟ್ಟಿಗೆಗಳ ಮೇಲೆ ಕಾಣುವ ನೋವೊ ನಾರ್ಡಿಸ್ಕ್ ಎಂಬ ಹೆಸರಿನ ಉತ್ತರಾರ್ಧ ಅದೇ. 1989ರಲ್ಲಿ ಎರಡು ಸಂಸ್ಥೆಗಳು ಕೂಡಿ ಆ ಹೆಸರಾಯಿತು.

1923ರ ನೊಬೆಲ್ ಪುರಸ್ಕಾರ ಬ್ಯಾಂಟಿಂಗ್ ಮತ್ತು ಮಕ್ಲೌಡ್ ಇಬ್ಬರಿಗೆ ಬಂದಿತು. ಬ್ಯಾಂಟಿಂಗ್ ತನ್ನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೂ, ಮಕ್ಲೌಡ್ ತನ್ನದರಲ್ಲಿ ಅರ್ಧವನ್ನು ಕಾಲಿಪನಿಗೂ ಕೊಟ್ಟರು. ಜಗಳವಾಡಿದವರೇ ಹಂಚಿಕೊಂಡರು.

ಬೇಲಿ ಬಿದ್ದ ಮೇಲೆ

ಪೇಟೆಂಟಿಗೆ ಆಯುಸ್ಸುಂಟು. 1941ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟೊರಾಂಟೊದ ಹಕ್ಕು ಮುಗಿಯುವ ಹೊತ್ತಿಗೆ ಒಂದು ಭಯ ಹುಟ್ಟಿತು: ಇನ್ನು ಸರಕನ್ನು ಪರೀಕ್ಷಿಸುವವರು ಯಾರು? ಅಮೆರಿಕದ ಸಂಸತ್ತು ಅವಸರದಲ್ಲಿ ಒಂದು ತಿದ್ದುಪಡಿಯನ್ನು ಮಾಡಿ, ಇನ್ಸುಲಿನ್ನಿನ ಪ್ರತಿಯೊಂದು ತಂಡವನ್ನೂ ಸರಕಾರದ ಇಲಾಖೆಯೇ ಪರೀಕ್ಷಿಸತಕ್ಕದ್ದೆಂದು ವಿಧಿಸಿತು. ಒಂದು ಕಾಲೇಜಿನ ಸಮಿತಿ ಹದಿನೆಂಟು ವರ್ಷ ಎಷ್ಟು ದೊಡ್ಡ ಹೊರೆಯನ್ನು ಹೊತ್ತಿತ್ತೆಂಬುದು ಆಗ ತಿಳಿಯಿತು.

ಬೇಲಿಯಿದ್ದಾಗಲೂ ಎಲ್ಲವೂ ಸರಿಯಾಗಿತ್ತೆಂದಲ್ಲ. ಅದೇ 1941ರಲ್ಲಿ ಅಮೆರಿಕದ ಸರಕಾರ ಲಿಲ್ಲಿ, ಸ್ಕ್ವಿಬ್, ಶಾರ್ಪ್ ಅಂಡ್ ಡೋಮ್ ಕಂಪೆನಿಗಳ ಮೇಲೆ ಒಳಗೊಳಗೇ ಬೆಲೆಯನ್ನು ನಿಗದಿಮಾಡಿಕೊಂಡ ಆರೋಪ ಹೊರಿಸಿತು. ಅವು ವಾದಿಸದೆ ದಂಡ ತೆತ್ತವು. ಪರವಾನಗಿ ಗುಣಮಟ್ಟವನ್ನು ಕಾಯಿತು. ಬೆಲೆಯನ್ನು ಕಾಯಲು ಅದೊಂದೇ ಸಾಲದಾಯಿತು.

ಆಮೇಲೆ ಔಷಧವೇ ರೂಪಾಂತರಗೊಂಡಿತು. 1978ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬ್ಯಾಕ್ಟೀರಿಯಗಳಿಂದ ಮಾನವ ಇನ್ಸುಲಿನ್ನನ್ನು ಪಡೆದರು. 1982ರಲ್ಲಿ ಅದು ಮಾರುಕಟ್ಟೆಗೆ ಬರಲು ಅನುಮತಿ ದೊರೆಯಿತು. ತಯಾರಕರು ಅದೇ ಲಿಲ್ಲಿ. ಹೊಸ ರೂಪಗಳಿಗೆ ಹೊಸ ಪೇಟೆಂಟುಗಳು, ಹೊಸ ಬೆಲೆಗಳು. ಅಮೆರಿಕದಲ್ಲಿ ಬೆಲೆ ಎಷ್ಟು ಏರಿತೆಂದರೆ 2019ರಲ್ಲಿ ಅಲ್ಲಿಯ ಮಧುಮೇಹಿಗಳ ಒಂದು ತಂಡ ಬಸ್ಸು ಹತ್ತಿ, ಗಡಿ ದಾಟಿ, ಬ್ಯಾಂಟಿಂಗನ ಲಂಡನ್ ಪಟ್ಟಣಕ್ಕೆ ಬಂದು, ಅಲ್ಲಿಯ ಅಂಗಡಿಯಲ್ಲಿ ಸೋವಿಯಾಗಿ ಇನ್ಸುಲಿನ್ ಕೊಂಡಿತು. ಮೂರು ಡಾಲರಿಗೆ ಬಿಟ್ಟುಕೊಟ್ಟವನ ಮನೆಯನ್ನೂ ಅವರು ಸಂದರ್ಶಿಸಿದರು. 2023ರ ಜನವರಿಯಿಂದ ಅಮೆರಿಕದ ವೃದ್ಧರ ಸರಕಾರಿ ವಿಮೆಯಲ್ಲಿ ಇನ್ಸುಲಿನ್ನಿಗೆ ರೋಗಿ ತೆರಬೇಕಾದ ಹಣವನ್ನು ತಿಂಗಳಿಗೆ 35 ಡಾಲರಿಗೆ ಮಿತಗೊಳಿಸಿದರು. ಅದೇ ವರ್ಷ ಕಂಪೆನಿಗಳೂ ಬೆಲೆ ಇಳಿಸುವುದಾಗಿ ಸಾರಿದವು.

ಈ ಕಥೆಗೆ ನಮ್ಮ ಬೆಂಗಳೂರಿನ ಒಂದು ಎಳೆಯೂ ಸೇರಿದೆ. ಅಲ್ಲಿನ ಬಯೋಕಾನ್ ಕಂಪೆನಿ ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. 2021ರ ಜುಲೈಯಲ್ಲಿ ಅದರ ಮತ್ತು ವಯಾಟ್ರಿಸ್ ಕಂಪೆನಿಯ ಇನ್ಸುಲಿನ್ ಗ್ಲಾರ್ಜಿನ್ನಿಗೆ, ಮೂಲ ಔಷಧದ ಬದಲಿಗೆ ಔಷಧದಂಗಡಿಯವರೇ ಕೊಡಬಹುದಾದ ಇನ್ಸುಲಿನ್ ಎಂಬ ಮನ್ನಣೆ ಅಮೆರಿಕದಲ್ಲಿ ಮೊಟ್ಟಮೊದಲಾಗಿ ದೊರೆಯಿತು.

ಇಂದಿನ ಕಾಲೇಜು ಬೀದಿ

ಕಾನಾಟ್ ಪ್ರಯೋಗಶಾಲೆಯನ್ನು ವಿಶ್ವವಿದ್ಯಾನಿಲಯ 1972ರಲ್ಲಿ ಮಾರಿಬಿಟ್ಟಿತು. ಕೈಬದಲಾಗುತ್ತ ಹೋಗಿ ಅದು ಈಗ ಸನೋಫಿ ಎಂಬ ಫ್ರೆಂಚ್ ಕಂಪೆನಿಗೆ ಸೇರಿದೆ. ಥಾಮ್ಸನ್ ಹುಡುಗ ಮಲಗಿದ್ದ ಆಸ್ಪತ್ರೆಯ ಹಳೆಯ ಕಟ್ಟಡ ಮಾತ್ರ ಕಾಲೇಜು ಬೀದಿಯ ದಕ್ಷಿಣಕ್ಕೆ ಇಂದಿಗೂ ನಿಂತಿದೆ. 1913ರಲ್ಲಿ ತೆರೆದ ಆ ಇಟ್ಟಿಗೆಯ ಕಟ್ಟಡದ ಬೆನ್ನಿಗೆ ಗಾಜಿನ ಎತ್ತರದ ಸೌಧಗಳು ಎದ್ದಿವೆ. ಒಟ್ಟು ಆವರಣದ ಹೆಸರು ಮಾರ್ಸ್. ವೈದ್ಯಕೀಯ ಮತ್ತು ಅದಕ್ಕೆ ಸಂಬಂಧಿಸಿದ ವಿಜ್ಞಾನಗಳು ಎಂಬ ಇಂಗ್ಲಿಷ್ ಮಾತುಗಳ ಸಂಕ್ಷೇಪವೆಂದು ಅದನ್ನು ಮೊದಲು ವಿವರಿಸುತ್ತಿದ್ದರು. 2000ದಲ್ಲಿ ಸ್ಥಾಪಿತವಾಗಿ 2005ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯ ಕೆಲಸ, ಸುತ್ತಣ ಆಸ್ಪತ್ರೆಗಳಲ್ಲೂ ವಿಶ್ವವಿದ್ಯಾನಿಲಯದಲ್ಲೂ ಹುಟ್ಟುವ ಹೊಸ ಕಲ್ಪನೆಗಳನ್ನು ಉದ್ಯಮಗಳಾಗಿ ಬೆಳೆಯಿಸುವುದು.

ಇಂದು ವೈದ್ಯವಿದ್ಯಾಲಯದ ಸಂಶೋಧಕನೊಬ್ಬ ಹೊಸದನ್ನು ಕಂಡುಕೊಂಡರೆ ಜಗಳವಾಡಬೇಕಾಗಿಲ್ಲ. ಅದನ್ನು ವರದಿಮಾಡಲು ಕಚೇರಿಯಿದೆ, ಪೇಟೆಂಟು ಪಡೆಯಲು ವಕೀಲರಿದ್ದಾರೆ, ಪರವಾನಗಿಯ ಕರಡು ಸಿದ್ಧವಾಗಿರುತ್ತದೆ. ರಾಯಲ್ಟಿಯಲ್ಲಿ ಅವನಿಗಿಷ್ಟು, ವಿದ್ಯಾಲಯಕ್ಕಿಷ್ಟು ಎಂಬ ನಿಯಮವಿದೆ. ವ್ಯವಸ್ಥೆ ಒಳ್ಳೆಯದೇ. ಪರವಾನಗಿ ಇಲ್ಲದೆ, ಬಂಡವಾಳ ಹಾಕುವ ಕಂಪೆನಿಯಿಲ್ಲದೆ, ಔಷಧ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲೇ ಒಣಗಿಹೋಗುತ್ತದೆಂಬುದನ್ನು 1922ರ ವಸಂತವೇ ಕಲಿಸಿತು. ಆದರೆ ಕರಾರಿನ ಕಾಗದದ ಮೇಲೆ ಏನನ್ನು ಬರೆಯಬೇಕು, ಏನನ್ನು ಬಿಟ್ಟುಕೊಡಕೂಡದು ಎಂಬುದನ್ನು ಯಾವ ಕಚೇರಿಯೂ ತಾನಾಗಿ ಕಲಿಸಲಾರದು. ಯಾರಿಗೆ ಹಕ್ಕು, ಎಷ್ಟು ಕಾಲ, ಯಾವ ಗುಣಮಟ್ಟಕ್ಕೆ, ಯಾರ ಪರೀಕ್ಷೆಗೆ ಒಳಪಟ್ಟು, ಕೊನೆಗೆ ಯಾವ ಬೆಲೆಗೆ—ಈ ಐದರಲ್ಲಿ ಟೊರಾಂಟೊದವರು ನಾಲ್ಕನ್ನು ಬರೆದರು. ಐದನೆಯದನ್ನು ಲೋಕ ಇನ್ನೂ ಬರೆಯುತ್ತಿದೆ.

ಬೀದಿಯಿಂದ ಪಶ್ಚಿಮಕ್ಕೆ ನಡೆದು ಸೇಂಟ್ ಜಾರ್ಜ್ ಬೀದಿಗೆ ತಿರುಗಿದರೆ ತಾಮಸ್ ಫಿಷರ್ ಅಪೂರ್ವ ಗ್ರಂಥಭಂಡಾರ ಸಿಕ್ಕುತ್ತದೆ. ಬ್ಯಾಂಟಿಂಗ್ ಮತ್ತು ಬೆಸ್ಟರ ಕಾಗದಪತ್ರಗಳು ಅಲ್ಲಿವೆ. ಇನ್ಸುಲಿನ್ನಿನ ಸಂಶೋಧನೆಗೂ ಅದರ ಪ್ರಸಾರಕ್ಕೂ ಸಂಬಂಧಿಸಿದ ವಿಶ್ವವಿದ್ಯಾನಿಲಯದ ದಾಖಲೆಗಳನ್ನು 2013ರಲ್ಲಿ ಯುನೆಸ್ಕೊ ಸಂಸ್ಥೆ ‘ಜಗತ್ತಿನ ಸ್ಮೃತಿ’ ಎಂಬ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಪೆನ್ಸಿಲಿನಲ್ಲಿ ಬರೆದ ನಾಯಿಗಳ ಸಕ್ಕರೆಯ ಲೆಕ್ಕ, ತಂದೆತಾಯಿಗಳ ಪತ್ರಗಳು, ಗುಣಹೊಂದಿದ ಮಕ್ಕಳ ಭಾವಚಿತ್ರಗಳು, ಕರಾರಿನ ಕಾಗದಗಳು ಒಂದೇ ಪರಂಪರೆಯಾಗಿ ಉಳಿದಿವೆ. ಸಂಶೋಧನೆ, ಸಂಕಟ, ಸಂತೋಷ, ವ್ಯವಹಾರ—ಇವು ನಾಲ್ಕನ್ನೂ ಬೇರೆಬೇರೆಯಾಗಿ ಕಟ್ಟಿಡುವುದು ಸಾಧ್ಯವಿಲ್ಲವೆಂದು ಆ ಭಂಡಾರಿಗಳಿಗೆ ತಿಳಿದಿರಬೇಕು. ಟೊರಾಂಟೊಗೆ ಹೋದವರು ಗೋಪುರದಿಂದ ಇಳಿದ ಮೇಲೆ ಒಂದು ಮಧ್ಯಾಹ್ನವನ್ನು ಈ ಬೀದಿಗೆ ಮೀಸಲಿಟ್ಟರೆ ನಷ್ಟವಾಗದು.